ಆರು ಮನೆ ಬಾಕಿ

ಲೆಡ್‌ಬರಿಯ ಔಷಧಿ ಅಂಗಡಿಯಲ್ಲಿ ಹಗಲೆಲ್ಲ
ಊರವರ ರಕ್ತದೊತ್ತಡ ಎಣಿಸಿ ಪೊಟ್ಟಣ ಕಟ್ಟುವ ನಾನು
ಮಂಗಳವಾರ ಸಂಜೆ ಗೋಪುರ ಹತ್ತುತ್ತೇನೆ.
ಆರು ಗಂಟೆ, ಆರು ಹಗ್ಗ, ಈಗ ಐದೇ ಜನ.
ನನ್ನದು ಮೂರನೆಯದು,
ತೂಕ ನನ್ನ ನಾಲ್ಕು ಪಟ್ಟು.

ಐದನೆಯ ಹಗ್ಗ ಹಿಡಿಯುತ್ತಿದ್ದ ವಿಲ್ಫ್ರೆಡ್ ಯಾಪ್
ಹೋದ ಚಳಿಗಾಲ ತೀರಿಕೊಂಡ. ಅವನ ತಂಗಿ ಎನಿಡ್
ಬಿಸ್ಕತ್ತಿನ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟು
‘ನಿನಗೆ ಇಂಥದ್ದು ಬರುತ್ತದಂತಲ್ಲ’ ಅಂದಳು.
ಒಳಗೆ ಚೌಕುಳಿ ಪುಸ್ತಕ. ಪೆನ್ಸಿಲ್ಲಿನ ಅಕ್ಷರ.
ಸೈಡರ್ ಕಾರ್ಖಾನೆಯ ಲೆಕ್ಕದ ಯಂತ್ರಕ್ಕೆಂದು
ಅವನೇ ಹೊಲಿದ ಭಾಷೆ.
ಯಂತ್ರ ಗುಜರಿಗೆ ಹೋಗಿ ನಲವತ್ತು ವರ್ಷ.
ಅಂಗಿ ಉಳಿದಿದೆ, ಮೈಯಿಲ್ಲ.
ಅಂಗಿಯ ಅಳತೆ ಹಿಡಿದು ಮೈ ಹೊಲಿಯಬೇಕು.

ದುಭಾಷಿಯ ಕೆಲಸ:
ಒಂದು ಸಾಲು ಓದು, ಹೇಳಿದ್ದು ಮಾಡು, ಮುಂದಿನ ಸಾಲು.
ಯಾಕೆ ಅಂತ ಕೇಳುವ ಹಾಗಿಲ್ಲ.

ಲಗೋರಿ ಆಡಿದವರಿಗೆ ಅರ್ಧ ಗೊತ್ತು:
ಕಲ್ಲಿನ ಮೇಲೆ ಕಲ್ಲು, ಕೈಗೆ ಸಿಗುವುದು ಮೇಲಿನದೊಂದೇ.
‘ಲಿಫ್ಟ್’ ಅಂದರೆ ಹೇರು. ‘ಡ್ರಾಪ್’ ಅಂದರೆ ಇಳಿಸು.
‘ಡಾಜ್’ ಅಂದರೆ ಮೇಲಿನೆರಡು ಅದಲುಬದಲು;
ಗೋಪುರದಲ್ಲೂ ಅದೇ ಮಾತು, ಎರಡು ಗಂಟೆಗಳು
ಒಂದರ ಜಾಗಕ್ಕೊಂದು ಜಾರುವಾಗ.
‘ಸ್ಟ್ಯಾಂಡ್’ ಅಂದರೆ ನಿಲ್ಲು.
ಹನ್ನೊಂದೇ ಪದ. ಅಷ್ಟರಲ್ಲಿ ಆ ಮನುಷ್ಯ
ಒಂದಿಡೀ ಊರಿನ ಸದ್ದು ಬರೆದಿಟ್ಟಿದ್ದ.

‘ಡ್ರಾಪ್’ ಬರೆಯುವಾಗ ಕೈ ತಡೆಯಿತು.
ಇಳಿಸಿದ ಅಂಕಿಯನ್ನು ಅಳಿಸಲೂಬೇಕೆ?
ಬೇಕಿಲ್ಲ. ತುದಿ ತೋರುವ ಬೆರಳನ್ನು
ಒಂದು ಮೆಟ್ಟಿಲು ಕೆಳಗಿಳಿಸಿದರೆ ಸಾಕು.
ಮೇಲಿದ್ದದ್ದು ಅಲ್ಲೇ ಇರುತ್ತದೆ
ಯಾರ ಲೆಕ್ಕಕ್ಕೂ ಸೇರದೆ,
ಇನ್ನೊಂದು ಬಂದು ಅದರ ಮೇಲೆ ಕೂರುವ ತನಕ.
ಐದನೆಯ ಹಗ್ಗವನ್ನೂ ನಾವು
ಹಾಗೇ ಗಂಟು ಹಾಕಿ ಮೊಳೆಗೆ ಸಿಕ್ಕಿಸಿದ್ದೇವೆ.

ಇನ್ನುಳಿದದ್ದು ಮನೆಗಳ ವ್ಯವಹಾರ.
ಪ್ರತಿ ಸುತ್ತಿಗೂ ಆರು ಮನೆ ಕೇಳುತ್ತಾನೆ ವಿಲ್ಫ್ರೆಡ್.
ಅಳಗುಳಿಮಣೆಯ ಹಾಗೆ ಸಾಲಾಗಿ ಗುಳಿ ತೋಡಿ
ಯಾವುದು ಖಾಲಿ ಯಾವುದು ಭರ್ತಿ, ಚೀಟಿಯಲ್ಲಿ ಬರೆದು
ಕೊಡುತ್ತೇನೆ. ವಾಪಸ್ಸು ಬಂದರೆ ಚೀಟಿ ಹರಿಯುತ್ತೇನೆ.
ಮೊದಲ ವಾರ ಕೊಟ್ಟ ಮನೆಯನ್ನೇ ಮತ್ತೆ ಕೊಟ್ಟೆ:
ಎರಡು ಗಂಟೆ ಒಂದೇ ಗುಳಿಯಲ್ಲಿ ಕೂತು
ನಾಲ್ಕು ನಾಲ್ಕು ನಾಲ್ಕು ಅಂತ ಬಡಿದವು.
ಎರಡನೆಯ ವಾರ ಬಂದದ್ದನ್ನೇ ಮತ್ತೆ ಬರಮಾಡಿಕೊಂಡು
ಇಲ್ಲದ ಮನೆಗಳ ಯಜಮಾನಿಯಾದೆ.
ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ:
ಗಾದೆ ಕಟ್ಟಿದವರು ಈ ಕೆಲಸ ಬಲ್ಲವರೇ ಇರಬೇಕು.

ಮೂರನೆಯ ವಾರ, ರಾತ್ರಿ ಎರಡೂವರೆ,
ಬೀದಿಯ ಕಾರುಗಳ ಗಾಜೆಲ್ಲ ಹಿಮಗಟ್ಟಿ ಬೆಳ್ಳಗಾಗಿದ್ದಾಗ
ಓಡಿತು.
ಏಳುನೂರ ಇಪ್ಪತ್ತು ಸಾಲು, ಒಂದರಂತೆ ಇನ್ನೊಂದಿಲ್ಲ.
ಕಡೆಗೆ ಒಂದು ಎರಡು ಮೂರು ನಾಲ್ಕು ಐದು ಆರು,
ಹೊರಟಲ್ಲಿಗೇ ಬಂದು, ಸ್ಟ್ಯಾಂಡ್.

ನನ್ನ ಬಳಿ ಮಾತ್ರ ಆರು ಚೀಟಿ ಹರಿಯದೆ ಉಳಿದವು.
ಕಡೆಯ ಸಾಲಿನವು. ಪಡೆದವನು ಮರಳಿಸಿಲ್ಲ.
ತಪ್ಪು ನನ್ನದೇ ಅಂದುಕೊಂಡು ಬೆಳಗಿನ ತನಕ ಹುಡುಕಿ
ಆಮೇಲೆ ಪುಸ್ತಕ ತೆಗೆದೆ. ಮರಳಿಸುವ ಪದ ಇರಬೇಕಾದಲ್ಲಿ
ಚಹಾ ಕಪ್ಪಿನ ಕಂದು ಉಂಗುರ,
ಅದರೊಳಗೆ ಸಣ್ಣಗೆ:
ಎನಿಡ್ ಕರೆಯುತ್ತಿದ್ದಾಳೆ. ಆಮೇಲೆ.

ಒಂದು ಪದ ಸೇರಿಸಿದರೆ ಲೆಕ್ಕ ಚುಕ್ತಾ.
ಪೆನ್ಸಿಲ್ ಎತ್ತಿದೆ. ಇಟ್ಟೆ.
ಅವನ ಪುಸ್ತಕ ಅವನದು.
ನನ್ನ ಕಡೆಯ ಕಾಗದದಲ್ಲಿ ಒಂದು ಸಾಲು ಬರೆದೆ,
ಕಣ್ಣು ಮುಚ್ಚುವ ಮುನ್ನ ಯಂತ್ರ ಹೇಳಬೇಕಾದದ್ದು.

ಮಂಗಳವಾರ ಗೋಪುರದಲ್ಲಿ ತೋರಿಸಿದೆ. ಎನಿಡ್
ಏಳುನೂರ ಇಪ್ಪತ್ತನ್ನೂ ಬೆರಳಲ್ಲಿ ಸರಸರ ದಾಟಿ
ಕನ್ನಡಕ ಏರಿಸಿ ಕೆಳಗಿನದನ್ನಷ್ಟೇ ಓದಿದಳು:
ಆರು ಮನೆ ಬಾಕಿ.
‘ಯಾವಾಗ ಕರೆದರೂ ಆಮೇಲೆ ಅನ್ನುತ್ತಿದ್ದ’ ಎಂದು
ಕೋಟು ಕಳಚಿ ಬೆಂಚಿನ ಮೇಲೆಸೆದು
ಐದನೆಯ ಹಗ್ಗದ ಗಂಟು ಬಿಚ್ಚತೊಡಗಿದಳು.